ಹತ್ತು ಕೈಗಳಲ್ಲಿ ಒಂದೇ ಬೀಗದಕೈ

ಹೈದರಾಬಾದಿನ ಎರಡು ದೊಡ್ಡ ತನಿಖೆಗಳಲ್ಲಿ ಒಂದೇ ಪದ ಕಾಣಿಸಿಕೊಂಡಿದೆ. ಒಂದು 2009ರದು, ಇನ್ನೊಂದು 2022ರದು. ಮೊದಲನೆಯದರಲ್ಲಿ ತಪ್ಪು ಮಾಡಿದವರು ಕಂಪನಿಯ ಒಳಗಿನವರು, ಎರಡನೆಯದರಲ್ಲಿ ಮುಖ ಕಾಣದ ಹೊರಗಿನವರು. ಆ ಪದ ‘ಸೂಪರ್ ಯೂಸರ್’.

ಸರ್ವರ್ ರೂಮಿನಲ್ಲಿ ದುಡಿದ ನಮ್ಮಂಥವರಿಗೆ ಇದು ದಿನಬಳಕೆಯ ಮಾತು. ಯಾವ ಕಡತವನ್ನಾದರೂ ಓದಬಲ್ಲ, ತಿದ್ದಬಲ್ಲ, ಅಳಿಸಬಲ್ಲ, ಹೊಸ ಬಳಕೆದಾರರನ್ನು ಸೃಷ್ಟಿಸಬಲ್ಲ, ಕೊನೆಗೆ ತಾನು ಓಡಾಡಿದ ಹೆಜ್ಜೆಗುರುತನ್ನೂ ಒರೆಸಬಲ್ಲ ಲಾಗಿನ್ ಅದು. ಯುನಿಕ್ಸ್ ಕಲಿತವರು ‘ರೂಟ್’ ಅನ್ನುತ್ತಾರೆ, ವಿಂಡೋಸ್‌ನವರು ‘ಅಡ್ಮಿನಿಸ್ಟ್ರೇಟರ್’ ಅನ್ನುತ್ತಾರೆ. ಆಫೀಸಿನ ಕಾರಿಡಾರಿನಲ್ಲಿ ಅದಕ್ಕೆ ‘ಅಡ್ಮಿನ್ ರೈಟ್ಸ್’ ಎಂದೇ ಹೆಸರು. ಯಾರಿಗೆ ಯಾವ ಸರ್ವರ್ ಮೇಲೆ ಎಷ್ಟು ಹೊತ್ತು ಈ ಹಕ್ಕು ಇರಬೇಕು ಎಂಬುದು ಐಟಿ ವಿಭಾಗದ ಒಳಜಗಳ ಎಂದು ಹೊರಗಿನವರಿಗೆ ಅನ್ನಿಸಬಹುದು. ಅದು ನಮ್ಮ ಸಂಬಳದ, ಠೇವಣಿಯ, ಆಸ್ಪತ್ರೆಯ ಕಡತದ ಪ್ರಶ್ನೆ ಎಂದು ನನಗೆ ಮನವರಿಕೆಯಾದದ್ದು ಈ ಊರಿನಲ್ಲಿಯೇ.

2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ ಸರ್ವಿಸಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ಆಡಳಿತ ಮಂಡಳಿಗೆ ಪತ್ರ ಬರೆದು, ಲೆಕ್ಕದಲ್ಲಿ ತೋರಿಸಿದ ಸಾವಿರಾರು ಕೋಟಿ ರೂಪಾಯಿ ನಿಜಕ್ಕೂ ಇಲ್ಲ ಎಂದು ಒಪ್ಪಿಕೊಂಡರು. ಆಮೇಲೆ ನಡೆದ ಸಿಬಿಐ ತನಿಖೆಯಲ್ಲಿ ಕಂಪನಿಯ ಇನ್‌ವಾಯ್ಸ್ ತಂತ್ರಾಂಶದೊಳಗೆ ಏಳೂವರೆ ಸಾವಿರಕ್ಕೂ ಹೆಚ್ಚು ಸುಳ್ಳು ಬಿಲ್ಲುಗಳು ಸಿಕ್ಕವು. ಅವುಗಳ ಮೊತ್ತ ಐದು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿತ್ತು. ಅವನ್ನು ಅಡಗಿಸಿದ ಬಗೆ ಬಹಳ ಸರಳ. ಸೂಪರ್ ಯೂಸರ್ ಆಗಿ ಒಳಹೋದವರು ಬಿಲ್ಲಿಗೆ ‘ಎಚ್’ ಎಂಬ ಗುರುತು ಹಾಕಿದರೆ ಅದು ಮರೆಯಾಗುತ್ತಿತ್ತು, ‘ಎಸ್’ ಹಾಕಿದರೆ ಕಾಣುತ್ತಿತ್ತು. ಮಾಮೂಲಿ ಲಾಗಿನ್‌ನಲ್ಲಿ ಕೂತ ಸಾವಿರಾರು ನೌಕರರ ಕಣ್ಣಿಗೆ ಬೀಳದ ಆ ಬಿಲ್ಲುಗಳು ಒಟ್ಟು ವರಮಾನದೊಳಗೆ ಮಾತ್ರ ಸೇರಿಕೊಳ್ಳುತ್ತಿದ್ದವು. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಮತ್ತು ಇತರ ಒಂಬತ್ತು ಮಂದಿಗೆ ಏಳು ವರ್ಷ ಸಜೆ ವಿಧಿಸಿತು. ಮೇಲ್ಮನವಿಯಲ್ಲಿ ಆ ಸಜೆ ಅಮಾನತಾಯಿತು. ಆ ಹಗರಣವನ್ನು ಲೆಕ್ಕಪರಿಶೋಧಕರ ಸೋಲೆಂದೇ ಹೆಚ್ಚಿನವರು ನೆನೆಯುತ್ತಾರೆ. ನನಗೆ ನೆನಪಾಗುವುದು ಆ ‘ಎಚ್’ ಅಕ್ಷರ. ಆ ಅಕ್ಷರವನ್ನು ಹಾಕುವ ಹಕ್ಕು ಯಾರಿಗೆ, ಯಾಕೆ ಇತ್ತು ಎಂದು ಕಂಪನಿಯೊಳಗೆ ಕೇಳುವವರು ಇರಲಿಲ್ಲ.

ಎರಡನೆಯ ಕಥೆ ಬಂಜಾರಾ ಹಿಲ್ಸ್‌ನದು. ಅಲ್ಲಿ ಕೇಂದ್ರ ಕಚೇರಿ ಇರುವ ಆಂಧ್ರಪ್ರದೇಶ ಮಹೇಶ್ ಕೋ-ಆಪರೇಟಿವ್ ಅರ್ಬನ್ ಬ್ಯಾಂಕಿನ ಸರ್ವರ್‌ಗಳೊಳಗೆ 2022ರ ಜನವರಿಯ ಒಂದು ವಾರಾಂತ್ಯದಲ್ಲಿ ಹ್ಯಾಕರ್‌ಗಳು ಕೂತಿದ್ದರು. ಜನವರಿ 24ರ ಸೋಮವಾರ ಬ್ಯಾಂಕು ಪೊಲೀಸರ ಬಳಿ ಹೋಗುವ ಹೊತ್ತಿಗೆ ಸುಮಾರು 12.48 ಕೋಟಿ ರೂಪಾಯಿ ಹೊರಗೆ ಹರಿದಿತ್ತು. ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದ ಕೆಲವು ಖಾತೆಗಳಿಗೆ ಹಣ ಹಾಕಿ, ಅಲ್ಲಿಂದ ಬೇರೆ ಬ್ಯಾಂಕುಗಳ ನೂರಾರು ಖಾತೆಗಳಿಗೆ ಚದುರಿಸಿ, ದೇಶದ ಹಲವು ಊರುಗಳ ಎಟಿಎಂಗಳಲ್ಲಿ ಬಿಡಿಸಿಕೊಂಡಿದ್ದರು. ಒಂದಷ್ಟು ಹಣವನ್ನು ತಡೆಹಿಡಿಯಲು ಪೊಲೀಸರಿಗೆ ಸಾಧ್ಯವಾಯಿತು.

ಆಗ ನಗರದ ಪೊಲೀಸ್ ಆಯುಕ್ತರಾಗಿದ್ದ ಸಿ.ವಿ. ಆನಂದ್ ಮಾರ್ಚ್ ಕೊನೆಯಲ್ಲಿ ತನಿಖೆಯ ವಿವರಗಳನ್ನು ಮುಂದಿಟ್ಟರು. ಕಳ್ಳತನ ಶುರುವಾದದ್ದು ಜನವರಿಯಲ್ಲಲ್ಲ, ಅದರ ಹಿಂದಿನ ನವೆಂಬರಿನಲ್ಲಿ. ಬ್ಯಾಂಕಿನ ನೌಕರರಿಗೆ ಇನ್ನೂರಕ್ಕೂ ಹೆಚ್ಚು ಮೋಸದ ಮೇಲ್‌ಗಳು ಬಂದಿದ್ದವು. ಇಬ್ಬರು ಮಾತ್ರ ಅವನ್ನು ತೆರೆದರು. ದೂರದಿಂದಲೇ ಕಂಪ್ಯೂಟರನ್ನು ಆಳುವ ಒಂದು ಕಳ್ಳ ತಂತ್ರಾಂಶ ಅವರ ಯಂತ್ರಗಳಲ್ಲಿ ಕೂತಿತು. ಎರಡು ತಿಂಗಳು ಅವಸರಪಡದೆ ಒತ್ತಿದ ಕೀಲಿಗಳನ್ನೆಲ್ಲ ನೋಡುತ್ತ, ಯಾರು ಯಾವ ಲಾಗಿನ್ ಬಳಸುತ್ತಾರೆಂದು ಕಲಿಯುತ್ತ ಕಳ್ಳರು ಮೇಲೇರಿದರು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇನ್ನೂರರಲ್ಲಿ ಎರಡು ಎಂದರೆ ಬಹಳ ಒಳ್ಳೆಯ ಫಲಿತಾಂಶ. ಎಷ್ಟು ತರಬೇತಿ ಕೊಟ್ಟರೂ, ಗೋಡೆ ಮೇಲೆ ಎಷ್ಟು ಎಚ್ಚರಿಕೆಯ ಪೋಸ್ಟರ್ ಅಂಟಿಸಿದರೂ, ತಿಂಗಳ ಕೊನೆಯ ಒತ್ತಡದಲ್ಲಿರುವ ಯಾರೋ ಒಬ್ಬರು ಆ ಲಿಂಕ್ ಒತ್ತಿಯೇ ಒತ್ತುತ್ತಾರೆ. ಆ ಇಬ್ಬರು ನೌಕರರನ್ನು ಬೈದು ಕೂರುವುದು ಅನ್ಯಾಯ. ಇಬ್ಬರ ಮೇಜಿನಿಂದ ಇಡೀ ಬ್ಯಾಂಕಿನ ಡೇಟಾಬೇಸ್‌ವರೆಗೆ ದಾರಿ ಹೇಗೆ ತೆರೆದುಕೊಂಡಿತು ಎಂಬುದು ನಾವು ಕೇಳಬೇಕಾದದ್ದು.

ಪೊಲೀಸರು ಅದಕ್ಕೂ ಉತ್ತರ ಕೊಟ್ಟರು. ಕೇಂದ್ರ ಕಚೇರಿ, ಶಾಖೆಗಳು ಎಲ್ಲವೂ ಅಡ್ಡಗೋಡೆಯಿಲ್ಲದ ಒಂದೇ ಜಾಲದಲ್ಲಿದ್ದವು. ಒಂದು ಕಡೆ ಕಾಲಿಟ್ಟವನು ಎಲ್ಲ ಕಡೆ ನಡೆಯಬಹುದಿತ್ತು. ಬೆರಳೆಣಿಕೆಯಷ್ಟು ಸೂಪರ್ ಯೂಸರ್‌ಗಳು ಸಾಕಾಗುವ ಕಡೆ ಹತ್ತು ಮಂದಿ ಇದ್ದರು, ಅವರಲ್ಲಿ ಕೆಲವರದು ಒಂದೇ ಪಾಸ್‌ವರ್ಡ್. ಮುಂದೆ 2023ರಲ್ಲಿ ರಿಸರ್ವ್ ಬ್ಯಾಂಕ್ ಸೈಬರ್ ಸುರಕ್ಷತೆಯ ನಿಯಮ ಪಾಲಿಸದ್ದಕ್ಕೆ ಈ ಬ್ಯಾಂಕಿಗೆ 65 ಲಕ್ಷ ರೂಪಾಯಿ ದಂಡ ಹಾಕಿತು. ನಿಯಮ ಹೊಸದಾಗಿರಲಿಲ್ಲ. ಪಟ್ಟಣ ಸಹಕಾರಿ ಬ್ಯಾಂಕುಗಳಿಗೆಂದೇ ರಿಸರ್ವ್ ಬ್ಯಾಂಕ್ 2018ರ ಅಕ್ಟೋಬರಿನಲ್ಲಿ ಮೂಲಭೂತ ಸೈಬರ್ ಸುರಕ್ಷತೆಯ ಸುತ್ತೋಲೆ ಹೊರಡಿಸಿತ್ತು. ನೌಕರರ ಕಂಪ್ಯೂಟರ್‌ಗಳಲ್ಲಿ ಅಡ್ಮಿನ್ ಹಕ್ಕು ಇರಕೂಡದು, ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಪ್ರವೇಶ ಕೊಡಬೇಕು ಎಂಬ ಮಾತು ಅದರಲ್ಲೇ ಇತ್ತು. 2019ರ ಕೊನೆಯ ದಿನ ಇನ್ನೊಂದು, ಇನ್ನಷ್ಟು ವಿವರವಾದ ಸುತ್ತೋಲೆಯೂ ಬಂದಿತ್ತು.

ಬ್ಯಾಂಕಿನ ನೌಕರರಿಗೆ ಈ ವಿಚಾರ ಹೊಸದಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುವ ಸಂಗತಿ. ಯಾವ ಸಣ್ಣ ಶಾಖೆಗೆ ಹೋದರೂ ಸ್ಟ್ರಾಂಗ್ ರೂಮಿಗೆ ಎರಡು ಬೀಗದಕೈ. ಒಂದು ಮ್ಯಾನೇಜರ್ ಹತ್ತಿರ, ಇನ್ನೊಂದು ಹೆಡ್ ಕ್ಯಾಶಿಯರ್ ಹತ್ತಿರ. ಇಬ್ಬರೂ ಬಂದು ನಿಂತ ಮೇಲೆಯೇ ಬಾಗಿಲು ತೆರೆಯುವುದು. ಮ್ಯಾನೇಜರ್ ಮೇಲೆ ಅನುಮಾನ ಇದೆ ಎಂದು ಇದರ ಅರ್ಥವಲ್ಲ, ಯಾರೂ ಹಾಗೆ ತಿಳಿಯುವುದೂ ಇಲ್ಲ. ನಮ್ಮ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದಿನ ಆಡಳಿತದಲ್ಲಿದ್ದಾಗ ಹಳ್ಳಿಗೂ ಇಂಥದೇ ಒಂದು ಕ್ರಮವಿತ್ತು. ಕಂದಾಯ ವಸೂಲಿಗೆ ಮಾಲಿ ಪಟೇಲ, ಜಗಳ-ಅಪರಾಧಕ್ಕೆ ಪೊಲೀಸ್ ಪಟೇಲ, ಲೆಕ್ಕ ಬರೆಯುವುದಕ್ಕೆ ಪಟವಾರಿ. ದುಡ್ಡು ಮುಟ್ಟುವ ಕೈ ಬೇರೆ, ಲೆಕ್ಕ ಬರೆಯುವ ಕೈ ಬೇರೆ. ಆ ವ್ಯವಸ್ಥೆಯಲ್ಲಿ ದಬ್ಬಾಳಿಕೆ ಸಾಕಷ್ಟಿತ್ತು, ಹೊಗಳಲು ಹೇಳುತ್ತಿಲ್ಲ. ಆದರೆ ಕಬ್ಬಿಣದ ಪೆಟ್ಟಿಗೆಯ ಬಗ್ಗೆ ನಾವು ಇಷ್ಟೆಲ್ಲ ತಿಳಿದವರು, ಅದೇ ಪೆಟ್ಟಿಗೆ ಸರ್ವರ್ ಆದಾಗ ಅದರ ಬೀಗದಕೈಯನ್ನು ಹತ್ತು ಜನರಿಗೆ ಹಂಚಿದೆವು.

ಕಂಪ್ಯೂಟರ್ ಲೋಕದಲ್ಲಿ ಈ ತತ್ವವನ್ನು ಸ್ಪಷ್ಟ ಮಾತುಗಳಲ್ಲಿ ಬರೆದವರು ಅಮೆರಿಕದ ಎಂಐಟಿಯ ಜೆರೋಮ್ ಸಾಲ್ಟ್ಸರ್ ಮತ್ತು ಮೈಕೆಲ್ ಶ್ರೋಡರ್. ಅವರ ಪ್ರಬಂಧ ಬಂದದ್ದು 1975ರಲ್ಲಿ. ಪ್ರತಿಯೊಬ್ಬ ಬಳಕೆದಾರನಿಗೂ ಪ್ರತಿಯೊಂದು ಪ್ರೋಗ್ರಾಮಿಗೂ ಅವರವರ ಕೆಲಸ ನಡೆಯುವಷ್ಟೇ ಹಕ್ಕು ಇರಬೇಕು ಎಂಬುದು ಅವರು ಪಟ್ಟಿ ಮಾಡಿದ ಸೂತ್ರಗಳಲ್ಲೊಂದು. ಬಾಗಿಲಿಗೆ ಎರಡು ಬೀಗದಕೈ ಇರುವುದು ಒಳ್ಳೆಯದು ಎಂಬುದು ಇನ್ನೊಂದು. ಅದಕ್ಕೆ ಅವರು ಕೊಟ್ಟ ಉದಾಹರಣೆ ಕೂಡ ಬ್ಯಾಂಕಿನ ಸೇಫ್ ಲಾಕರಿನದೇ.

ಹಾಗಿದ್ದರೂ ಈ ತತ್ವ ಯಾಕೆ ಪಾಲನೆಯಾಗುವುದಿಲ್ಲ ಎಂದು ತಿಳಿಯಬೇಕಾದರೆ ಹೈದರಾಬಾದಿನ ಅಮೀರ್‌ಪೇಟೆಗೆ ಬರಬೇಕು. ಮೈತ್ರಿವನಂ ಸುತ್ತಮುತ್ತ, ಕಟ್ಟಡದ ಮೇಲೆ ಕಟ್ಟಡ, ಬೋರ್ಡಿನ ಮೇಲೆ ಬೋರ್ಡು, ಎಲ್ಲವೂ ಸಾಫ್ಟ್‌ವೇರ್ ತರಬೇತಿ ಕೇಂದ್ರಗಳು. ತೆಲುಗು ನಾಡಿನ ಹುಡುಗರ ಜೊತೆಗೆ ನಮ್ಮ ರಾಯಚೂರು, ಯಾದಗಿರಿ, ಬೀದರ್ ಕಡೆಯ ಹುಡುಗರೂ ಹಾಸ್ಟೆಲ್ ಹಿಡಿದು ಇಲ್ಲಿ ಸರ್ವರ್ ಕೆಲಸ ಕಲಿಯುತ್ತಾರೆ. ನಾನೂ ಕಲಿತೆ. ಮೊದಲ ದಿನ ನಮ್ಮೆದುರು ಬರುವ ಯಂತ್ರದಲ್ಲಿ ನಾವೇ ಅಡ್ಮಿನಿಸ್ಟ್ರೇಟರ್. ಏನು ಕೆಟ್ಟರೂ ಅದೇ ಲಾಗಿನ್‌ನಿಂದ ಸರಿ ಮಾಡುತ್ತೇವೆ. ಕಲಿಯುವ ಯಂತ್ರದಲ್ಲಿ ಅದು ಸರಿಯೇ. ಆದರೆ ಆರು ತಿಂಗಳ ಮೇಲೆ ಮಾದಾಪುರದ ಕಂಪನಿಗೆ ಸೇರಿದಾಗ ಕೈ ಅದೇ ಅಭ್ಯಾಸಕ್ಕೆ ಬಿದ್ದಿರುತ್ತದೆ. ಕೆಲಸ ನಿಂತರೆ ಹಕ್ಕು ಹೆಚ್ಚಿಸು, ಹಕ್ಕು ಹೆಚ್ಚಿಸಿದರೆ ಕೆಲಸ ನಡೆಯುತ್ತದೆ.

ವಿಂಡೋಸ್ ಜಾಲ ಇರುವ ಕಚೇರಿಯಲ್ಲಿ ಇದು ನಡೆಯುವ ರೀತಿ ಹೀಗೆ. ಕಂಪನಿಯ ಎಲ್ಲ ಕಂಪ್ಯೂಟರ್‌ಗಳೂ ಒಪ್ಪಿಕೊಂಡ ಒಂದು ಹಾಜರಿ ಪುಸ್ತಕ ಇರುತ್ತದೆ. ಅದರ ಹೆಸರು ಆಕ್ಟಿವ್ ಡೈರೆಕ್ಟರಿ. 2000ದ ಫೆಬ್ರುವರಿಯಲ್ಲಿ ವಿಂಡೋಸ್ 2000 ಜೊತೆ ಬಂದದ್ದು, ಈಗಲೂ ದೊಡ್ಡ ಪಾಲು ಕಂಪನಿಗಳು ಇದರ ಮೇಲೆಯೇ ನಡೆಯುತ್ತವೆ. ಈ ಪುಸ್ತಕವನ್ನು ಕಾಯುವ ಸರ್ವರ್‌ಗೆ ಡೊಮೈನ್ ಕಂಟ್ರೋಲರ್ ಎನ್ನುತ್ತಾರೆ. ಪುಸ್ತಕದೊಳಗೆ ‘ಡೊಮೈನ್ ಅಡ್ಮಿನ್ಸ್’ ಎಂಬ ಒಂದು ಗುಂಪಿದೆ. ಹೊಸ ಸರ್ವರ್ ಒಂದನ್ನು ಜಾಲಕ್ಕೆ ಸೇರಿಸಿದ ಕ್ಷಣವೇ, ಯಾರೂ ಕೇಳದೆಯೇ, ಆ ಗುಂಪು ಅದರ ಒಡೆಯರ ಪಟ್ಟಿಗೆ ಸೇರಿಬಿಡುತ್ತದೆ. ಆದ್ದರಿಂದ ಆ ಗುಂಪಿಗೆ ಒಂದು ಹೆಸರು ಸೇರಿಸಿದರೆ ಅವರಿಗೆ ಲೆಕ್ಕದ ಸರ್ವರ್, ಮೇಲ್ ಸರ್ವರ್, ಸಂಬಳದ ಸರ್ವರ್, ಬ್ಯಾಕಪ್, ಎಂ.ಡಿ.ಯವರ ಲ್ಯಾಪ್‌ಟಾಪ್ ಎಲ್ಲವೂ ಒಟ್ಟಿಗೇ ಸಿಕ್ಕಿದಂತೆ.

ಈಗ ಡೇಟಾಬೇಸ್ ವೆಂಡರ್ ಕಡೆಯ ಇಂಜಿನಿಯರ್ ಶುಕ್ರವಾರ ಸಂಜೆ ಆರಕ್ಕೆ ಫೋನ್ ಮಾಡುತ್ತಾನೆ. ಒಂದು ಸರ್ವರ್‌ನಲ್ಲಿ ಪ್ಯಾಚ್ ಹಾಕಬೇಕು, ಅನುಮತಿ ಸಾಲುತ್ತಿಲ್ಲ. ಸರಿಯಾದ ದಾರಿ ಹಿಡಿಯಲು ಇಪ್ಪತ್ತು ನಿಮಿಷ ಬೇಕು. ಡೊಮೈನ್ ಅಡ್ಮಿನ್ಸ್ ಗುಂಪಿಗೆ ಅವನ ಹೆಸರು ಸೇರಿಸಲು ಹತ್ತು ಸೆಕೆಂಡ್ ಸಾಕು. ‘ಸೋಮವಾರ ತೆಗೆದರಾಯಿತು’ ಎಂದುಕೊಳ್ಳುತ್ತೇವೆ. ಆ ಸೋಮವಾರ ಬರುವುದೇ ಇಲ್ಲ. ಮೂರು ವರ್ಷದ ಮೇಲೆ ಆ ಪಟ್ಟಿ ತೆರೆದು ನೋಡಿದರೆ ಕೆಲಸ ಬಿಟ್ಟುಹೋದವರು, ಬೇರೆ ವಿಭಾಗಕ್ಕೆ ಹೋದವರು, ಯಾವ ಸಾಫ್ಟ್‌ವೇರಿನದೆಂದೇ ಗೊತ್ತಿಲ್ಲದ ನಾಲ್ಕಾರು ಲಾಗಿನ್‌ಗಳು, ಎಲ್ಲವೂ ಅಲ್ಲಿ ಕೂತಿರುತ್ತವೆ.

ಇಪ್ಪತ್ತು ನಿಮಿಷದ ಆ ಸರಿಯಾದ ದಾರಿಯೂ ಕಷ್ಟದ್ದೇನಲ್ಲ. ಲೆಕ್ಕದ ಸರ್ವರ್‌ಗೆಂದೇ ಒಂದು ಪ್ರತ್ಯೇಕ ಗುಂಪು ಮಾಡುವುದು. ಆ ಗುಂಪನ್ನು ಆ ಸರ್ವರ್‌ನ ಸ್ಥಳೀಯ ಅಡ್ಮಿನಿಸ್ಟ್ರೇಟರ್ ಪಟ್ಟಿಗೆ ಮಾತ್ರ ಸೇರಿಸುವುದು. ಸರ್ವರ್‌ಗಳು ಹೆಚ್ಚಿದ್ದರೆ ಗ್ರೂಪ್ ಪಾಲಿಸಿ ಎಂಬ ಸೌಲಭ್ಯದಿಂದ ಇದನ್ನು ಒಂದೇ ಕಡೆ ಕೂತು ಮಾಡಬಹುದು. ಕೈಯಾರೆ ಯಾರಾದರೂ ಹೊಸ ಹೆಸರು ತೂರಿಸಿದರೂ ಮುಂದಿನ ಸಲ ಪಾಲಿಸಿ ಅದನ್ನು ತೆಗೆದುಹಾಕುವಂತೆ ಕಟ್ಟಬಹುದು. ಆ ಇಂಜಿನಿಯರಿಗೆ ಮೇಲ್ ನೋಡುವ ಲಾಗಿನ್ ಒಂದು, ಸರ್ವರ್ ಮುಟ್ಟುವ ಲಾಗಿನ್ ಇನ್ನೊಂದು. ಎರಡನೆಯದರಿಂದ ಮೇಲ್ ಇಲ್ಲ, ಇಂಟರ್ನೆಟ್ ಇಲ್ಲ. ಅದಕ್ಕೆ ಮುಗಿಯುವ ದಿನಾಂಕ ಬರೆದಿರಬೇಕು. ಅವನು ತೆರೆಯಬಲ್ಲ ಬಾಗಿಲು ಒಂದೇ. ಪಕ್ಕದ ಬಾಗಿಲಿಗೆ ಅದೇ ಬೀಗದಕೈ ಹಾಕಿದರೆ ತಿರುಗುವುದಿಲ್ಲ. ಯುನಿಕ್ಸ್ ಕಡೆಯವರಿಗೆ ಈ ಅನುಕೂಲ 1980ರ ಹೊತ್ತಿಗೇ ಸಿಕ್ಕಿತ್ತು. ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಸುಡೊ’ ಎಂಬ ಪುಟ್ಟ ಕಮಾಂಡ್, ರೂಟ್ ಪಾಸ್‌ವರ್ಡ್ ಕೊಡದೆಯೇ ಇಂಥವರಿಗೆ ಇಂಥ ಕೆಲಸ ಎಂದು ಹಂಚಿಕೊಡುತ್ತದೆ, ಯಾರು ಏನು ಮಾಡಿದರೆಂದು ಬರೆದಿಡುತ್ತದೆ.

ಇಷ್ಟು ಮಾಡಿದರೂ ಕಣ್ಣಿಗೆ ಕಾಣದ ಒಂದು ಅಪಾಯ ಉಳಿಯುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ವರ್ಷಗಳೇ ಬೇಕಾದವು. ಹಳೆಯ ಕಳ್ಳರು ಬೀಗದಕೈಯನ್ನು ಸೋಪಿನ ಮೇಲೆ ಒತ್ತಿ ಅಚ್ಚು ತೆಗೆಯುತ್ತಿದ್ದರು ಅನ್ನುತ್ತಾರಲ್ಲ, ವಿಂಡೋಸ್ ಯಂತ್ರವೂ ಹಾಗೆಯೇ. ಡೊಮೈನ್ ಅಡ್ಮಿನ್ ಯಾವ ಯಂತ್ರಕ್ಕೆ ಲಾಗಿನ್ ಆದರೂ ಅವನ ಗುರುತಿನ ಅಚ್ಚು ಆ ಯಂತ್ರದ ಮೆಮೊರಿಯಲ್ಲಿ ಉಳಿಯುತ್ತದೆ. ಆ ಯಂತ್ರ ಮೊದಲೇ ಕಳ್ಳನ ಕೈಯಲ್ಲಿದ್ದರೆ ಅವನು ಅಚ್ಚನ್ನು ಎತ್ತಿಕೊಳ್ಳುತ್ತಾನೆ. ಪಾಸ್‌ವರ್ಡ್ ತಿಳಿಯುವ ಅಗತ್ಯವೇ ಇಲ್ಲ, ಅಚ್ಚೇ ಸಾಕು. ‘ಸರ್, ನನ್ನ ಲ್ಯಾಪ್‌ಟಾಪ್ ನಿಧಾನ’ ಎಂದು ಯಾರೋ ಕರೆಯುತ್ತಾರೆ, ದೊಡ್ಡ ಅಡ್ಮಿನ್ ಒಳ್ಳೆಯ ಮನಸ್ಸಿನಿಂದ ತನ್ನ ಲಾಗಿನ್ ಹಾಕಿ ನೋಡುತ್ತಾನೆ, ಇಡೀ ಕಂಪನಿಯ ಬೀಗದಕೈಯನ್ನು ಆ ಲ್ಯಾಪ್‌ಟಾಪಿನಲ್ಲಿ ಬಿಟ್ಟು ಬರುತ್ತಾನೆ. ಅದಕ್ಕೇ ಮೈಕ್ರೋಸಾಫ್ಟ್ ತನ್ನ ಗ್ರಾಹಕರಿಗೆ ಮೂರು ಅಂತಸ್ತಿನ ಪದ್ಧತಿ ಹೇಳಿಕೊಟ್ಟಿತು: ಮೇಲೆ ಹಾಜರಿ ಪುಸ್ತಕದ ಸರ್ವರ್‌ಗಳು, ನಡುವೆ ಉಳಿದ ಸರ್ವರ್‌ಗಳು, ಕೆಳಗೆ ನೌಕರರ ಕಂಪ್ಯೂಟರ್‌ಗಳು. ಮೇಲಿನ ಅಂತಸ್ತಿನ ಲಾಗಿನ್ ಕೆಳಗಿನದಕ್ಕೆ ಇಳಿಯಲೇಕೂಡದು. ಆಪರೇಷನ್ ಥಿಯೇಟರಿನ ಚಪ್ಪಲಿಯನ್ನು ಡಾಕ್ಟರು ಬೀದಿಗೆ ಹಾಕಿಕೊಂಡು ಹೋಗುವುದಿಲ್ಲವಲ್ಲ, ಹಾಗೆ.

2017ರ ಜೂನ್ 27ರಂದು ಇದೇ ಅಚ್ಚಿನ ಆಟ ಜಗತ್ತಿನ ಕಣ್ಣೆದುರು ನಡೆಯಿತು. ಉಕ್ರೇನಿನ ಒಂದು ತೆರಿಗೆ ತಂತ್ರಾಂಶದ ಮೂಲಕ ಹೊರಬಂದ ನಾಟ್‌ಪೆಟ್ಯಾ ಎಂಬ ವಿಧ್ವಂಸಕ ಪ್ರೋಗ್ರಾಮು ತಾನು ಹೊಕ್ಕ ಯಂತ್ರದ ಮೆಮೊರಿಯಿಂದ ಲಾಗಿನ್‌ಗಳನ್ನು ಕಿತ್ತು, ಅವುಗಳಿಂದಲೇ ಪಕ್ಕದ ಯಂತ್ರಕ್ಕೆ ಹಾರುತ್ತಿತ್ತು. ಡೆನ್ಮಾರ್ಕಿನ ಹಡಗು ಸಂಸ್ಥೆ ಮೇರ್ಸ್ಕ್ 4,000 ಸರ್ವರ್ ಮತ್ತು 45,000 ಕಂಪ್ಯೂಟರ್‌ಗಳನ್ನು ಹತ್ತು ದಿನಗಳಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಜಗತ್ತಿನಾದ್ಯಂತ ಇದ್ದ ಅದರ ಡೊಮೈನ್ ಕಂಟ್ರೋಲರ್‌ಗಳು ಒಂದನ್ನೊಂದು ನಕಲು ಮಾಡಿಕೊಳ್ಳುವಂಥವು, ಆದ್ದರಿಂದ ಬೇರೆ ಬ್ಯಾಕಪ್ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಎಲ್ಲವೂ ಒಟ್ಟಿಗೇ ಹೋದವು, ಘಾನಾ ದೇಶದ ಒಂದನ್ನು ಬಿಟ್ಟು. ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು. ಆ ಒಂದು ಯಂತ್ರದಿಂದ ಇಡೀ ಕಂಪನಿಯ ಹಾಜರಿ ಪುಸ್ತಕವನ್ನು ಮತ್ತೆ ಎತ್ತಿ ನಿಲ್ಲಿಸಿದರು.

ನಮ್ಮಲ್ಲಿ 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರ್‌ಗಳು ಸೈಬರ್ ದಾಳಿಗೆ ಬಲಿಯಾದವು, ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ಕಳ್ಳರು ಬೀಗ ಜಡಿದರು, ರೋಗಿಗಳ ನೋಂದಣಿ ದಿನಗಟ್ಟಲೆ ಕಾಗದ-ಪೆನ್ನಿಗೆ ಇಳಿಯಿತು. ಜಾಲವನ್ನು ಸರಿಯಾಗಿ ವಿಂಗಡಿಸದೆ ಇದ್ದದ್ದು ಕಾರಣವೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಬಂಜಾರಾ ಹಿಲ್ಸ್‌ನಲ್ಲಿ ಪೊಲೀಸರು ಹೇಳಿದ್ದೂ ಅದೇ ಮಾತು.

ನನ್ನದೊಂದು ತಪ್ಪನ್ನೂ ಹೇಳಬೇಕು. ವರ್ಷಗಳ ಹಿಂದೆ ಒಂದು ಕಂಪನಿಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ತಿಂಗಳ ಕೊನೆ. ಪರದೆಯ ಮೇಲೆ ಎರಡು ಕಪ್ಪು ಕಿಟಕಿ, ಒಂದು ಪರೀಕ್ಷೆಯ ಸರ್ವರ್, ಇನ್ನೊಂದು ಸಂಬಳದ ಸರ್ವರ್. ಹೆಸರಿನಲ್ಲಿ ಒಂದು ಅಂಕಿಯ ವ್ಯತ್ಯಾಸ. ಪರೀಕ್ಷೆಯ ಸರ್ವರ್‌ನ ಹಳೆಯ ಡೇಟಾ ಅಳಿಸುವುದಿತ್ತು. ಕಮಾಂಡ್ ಕೊಟ್ಟೆ, ಅದು ಎಲ್ಲಿ ಓಡುತ್ತಿದೆ ಎಂದು ತಿಳಿಯುವಷ್ಟರಲ್ಲಿ ಸಂಬಳದ ಫೋಲ್ಡರ್ ಅರ್ಧ ಖಾಲಿಯಾಗಿತ್ತು. ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು. ಬ್ಯಾಕಪ್ ಟೇಪಿನಿಂದ ಮರಳಿ ತರುವಾಗ ಬೆಳಗಿನ ನಾಲ್ಕು ಗಂಟೆ. ಸಂಬಳ ಒಂದು ದಿನ ತಡವಾಯಿತು. ನನ್ನ ಮೇಲೆ ಯಾರೂ ಕೂಗಾಡಲಿಲ್ಲ, ಆದರೂ ಮನೆ ಬಾಡಿಗೆ ಕಟ್ಟಲು ಆ ದಿನವನ್ನೇ ಕಾಯುತ್ತಿದ್ದ ಸಹೋದ್ಯೋಗಿಗಳ ಮುಖ ನೋಡುವುದು ಕಷ್ಟವಾಗಿತ್ತು. ಆ ರಾತ್ರಿ ನನಗೆ ಸಂಬಳದ ಸರ್ವರ್ ಮೇಲೆ ಹಕ್ಕೇ ಬೇಕಿರಲಿಲ್ಲ. ಇಲ್ಲದಿದ್ದರೆ ‘ಅನುಮತಿ ಇಲ್ಲ’ ಎಂಬ ಒಂದು ಸಾಲು ಪರದೆಯ ಮೇಲೆ ಬರುತ್ತಿತ್ತು, ನಾನು ಕಿಟಕಿ ಬದಲಿಸಿ ಕೆಲಸ ಮುಂದುವರಿಸುತ್ತಿದ್ದೆ. ಕಳ್ಳನನ್ನು ತಡೆಯುವ ಗೋಡೆಯೇ ನಿದ್ದೆಗಣ್ಣಿನ ನೌಕರನನ್ನೂ ಕಾಪಾಡುತ್ತದೆ.

ಹಾಗೆಂದು ಎಲ್ಲ ಬೀಗದಕೈಗಳನ್ನೂ ಒಬ್ಬರ ಸೊಂಟಕ್ಕೆ ಕಟ್ಟಿದರೆ ಇನ್ನೊಂದು ಬಗೆಯ ಕೇಡು. ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತದ ಮುಖ್ಯ ಜಾಲವನ್ನು ನೋಡಿಕೊಳ್ಳುತ್ತಿದ್ದ ಟೆರಿ ಚೈಲ್ಡ್ಸ್ ಎಂಬ ಇಂಜಿನಿಯರ್ 2008ರ ಜುಲೈಯಲ್ಲಿ ಪಾಸ್‌ವರ್ಡ್ ಕೊಡಲು ನಿರಾಕರಿಸಿದ. ಅವು ಅವನೊಬ್ಬನಿಗೇ ಗೊತ್ತಿದ್ದವು. ಒಂದು ವಾರಕ್ಕೂ ಹೆಚ್ಚು ಜೈಲಿನಲ್ಲಿದ್ದು, ಕೊನೆಗೆ ಮೇಯರ್ ಗ್ಯಾವಿನ್ ನ್ಯೂಸಮ್ ತಾವೇ ಬಂದಾಗ ಅವರಿಗೆ ಮಾತ್ರ ಹೇಳಿದ. 2010ರಲ್ಲಿ ಅವನಿಗೆ ನಾಲ್ಕು ವರ್ಷ ಸಜೆಯಾಯಿತು. ಅವನು ಕಳ್ಳನಲ್ಲ, ತನ್ನ ಜಾಲವನ್ನು ಬೇರೆಯವರು ಹಾಳು ಮಾಡುತ್ತಾರೆಂಬ ನಂಬಿಕೆ ಅವನದು. ಅಂಥ ನಂಬಿಕೆಯ ಅಡ್ಮಿನ್‌ಗಳನ್ನು ಇಲ್ಲಿಯೂ ನೋಡಿದ್ದೇನೆ, ಒಳ್ಳೆಯ ಕೆಲಸಗಾರರು. ಅವರಿಗೆ ಜ್ವರ ಬಂದರೆ ಕಂಪನಿಗೂ ಜ್ವರ. ಆದ್ದರಿಂದ ತುರ್ತಿಗೆಂದು ಒಂದು ಲಾಗಿನ್ ಮಾಡಿ, ಉದ್ದನೆಯ ಪಾಸ್‌ವರ್ಡನ್ನು ಲಕೋಟೆಗೆ ಹಾಕಿ, ಅರಗು ಮುದ್ರೆ ಒತ್ತಿ, ಇಬ್ಬರ ಸಹಿಯೊಂದಿಗೆ ತಿಜೋರಿಯಲ್ಲಿಡುವ ಪದ್ಧತಿ ಇದೆ. ಲಕೋಟೆ ಒಡೆದರೆ ಎಲ್ಲರಿಗೂ ತಿಳಿಯುತ್ತದೆ. ಒಡೆದ ಮೇಲೆ ಪಾಸ್‌ವರ್ಡ್ ಬದಲಾಗುತ್ತದೆ.

ಸಣ್ಣ ಕಂಪನಿಗಳಿಗೆ, ಸಹಕಾರಿ ಸಂಘಗಳಿಗೆ, ಶಾಲೆ-ಆಸ್ಪತ್ರೆಗಳಿಗೆ ಹೇಳಬೇಕಾದ ಕೆಲವು ಮಾತುಗಳಿವೆ, ದುಡ್ಡು ಬೇಡದವು. ಡೊಮೈನ್ ಕಂಟ್ರೋಲರ್ ಯಂತ್ರದ ಮೇಲೆಯೇ ಟ್ಯಾಲಿ, ಪ್ರಿಂಟರ್, ಫೈಲ್ ಹಂಚಿಕೆ ಎಲ್ಲವನ್ನೂ ಕೂರಿಸಬೇಡಿ. ಆ ಯಂತ್ರಕ್ಕೆ ಸ್ಥಳೀಯ ಅಡ್ಮಿನ್ ಎಂಬುದೇ ಪ್ರತ್ಯೇಕವಾಗಿ ಇರುವುದಿಲ್ಲ. ಟ್ಯಾಲಿ ನೋಡುವವನಿಗೆ ಅಲ್ಲಿ ಅಡ್ಮಿನ್ ಹಕ್ಕು ಕೊಟ್ಟರೆ ಇಡೀ ಜಾಲವನ್ನೇ ಕೊಟ್ಟಂತೆ. ಒಂದೇ ಅಚ್ಚಿನಲ್ಲಿ ನಕಲು ಮಾಡಿ ಹಂಚಿದ ಕಂಪ್ಯೂಟರ್‌ಗಳಲ್ಲಿ ಸ್ಥಳೀಯ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಎಲ್ಲ ಕಡೆ ಒಂದೇ ಆಗಿರುತ್ತದೆ. ಒಂದು ಸಿಕ್ಕರೆ ನೂರು ಸಿಕ್ಕಂತೆ. ಪ್ರತಿ ಯಂತ್ರಕ್ಕೂ ಬೇರೆ ಪಾಸ್‌ವರ್ಡ್ ಇಟ್ಟು ತಾನೇ ಬದಲಿಸುವ ಲ್ಯಾಪ್ಸ್ ಎಂಬ ಸಾಧನವನ್ನು ಮೈಕ್ರೋಸಾಫ್ಟ್ 2015ರಲ್ಲೇ ಉಚಿತವಾಗಿ ಕೊಟ್ಟಿದೆ, 2023ರಿಂದ ವಿಂಡೋಸ್‌ನೊಳಗೇ ಸೇರಿಸಿದೆ. ಬ್ಯಾಕಪ್ ತಂತ್ರಾಂಶಕ್ಕೆ ಡೊಮೈನ್ ಅಡ್ಮಿನ್ ಲಾಗಿನ್ ಕೊಟ್ಟಿದ್ದರೆ ಇವತ್ತೇ ಬಿಡಿಸಿ, ಬ್ಯಾಕಪ್ ನೋಡುವವರ ಲಾಗಿನ್ ಬೇರೆಯೇ ಇರಲಿ. ದತ್ತಾಂಶಕ್ಕೆ ಬೀಗ ಜಡಿದು ಹಣ ಕೇಳುವ ಸುಲಿಗೆಕೋರರು ಮೊದಲು ಅಳಿಸುವುದು ಬ್ಯಾಕಪ್ಪನ್ನೇ. ಹತ್ತು ಸರ್ವರ್‌ಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ವರ್ಚುವಲ್ ಯಂತ್ರಗಳ ತಾಯಿ ಸರ್ವರ್ ಇದ್ದರೆ ಅದರ ಅಡ್ಮಿನ್ ಹತ್ತಕ್ಕೂ ಅಡ್ಮಿನ್ ಎಂಬುದನ್ನು ಮರೆಯಬೇಡಿ. ಯಾರು ಏನು ಮಾಡಿದರೆಂಬ ದಾಖಲೆಯಾದ ಲಾಗ್‌ಗಳನ್ನು 180 ದಿನ ಕಾಪಾಡಬೇಕು, ದಾಳಿ ನಡೆದರೆ 6 ಗಂಟೆಯೊಳಗೆ ತನಗೆ ತಿಳಿಸಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದೇ ಆದೇಶಿಸಿದೆ. ಆ ಲಾಗ್‌ಗಳು ಅಡ್ಮಿನ್‌ನ ಕೈಗೆ ಸಿಗದ ಬೇರೆ ಸರ್ವರ್‌ನಲ್ಲಿ ಇದ್ದರೆ ಮಾತ್ರ ಅವುಗಳಿಗೆ ಬೆಲೆ.

ಇದನ್ನೆಲ್ಲ ಜಾರಿಗೆ ತರುವಾಗ ಎದುರಾಗುವ ನಿಜವಾದ ಅಡ್ಡಿ ತಂತ್ರಜ್ಞಾನದ್ದಲ್ಲ. ನಮ್ಮ ತಂಡದಲ್ಲಿ ಭಾಲ್ಕಿ ಕಡೆಯ ಒಬ್ಬ ಹುಡುಗನಿದ್ದ. ಚುರುಕು, ರಾತ್ರಿ ಎರಡಕ್ಕೆ ಕರೆದರೂ ಎದ್ದು ಬರುವವನು. ಪಟ್ಟಿ ಸ್ವಚ್ಛ ಮಾಡುವಾಗ ಡೊಮೈನ್ ಅಡ್ಮಿನ್ಸ್‌ನಿಂದ ಅವನ ಹೆಸರು ತೆಗೆದು, ಅವನು ನೋಡಿಕೊಳ್ಳುವ ನಾಲ್ಕು ಸರ್ವರ್‌ಗಳಿಗಷ್ಟೇ ಹಕ್ಕು ಬಿಟ್ಟೆ. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಸಂಜೆ ಬಂದು ನಿಂತ.

“ಅಣ್ಣಾರ, ನನ್ನ ಮ್ಯಾಲ ವಿಶ್ವಾಸ ಹೋಯ್ತೇನ್ರಿ? ಮೂರು ವರ್ಷ ಆಯ್ತು, ಒಂದ್ ತಪ್ಪು ಮಾಡೀನೇನ್ರಿ ನಾ?”

“ನಿನ್ನ ಮ್ಯಾಲ ವಿಶ್ವಾಸ ಅದ ತಮ್ಮಾ. ನಿನ್ನ ಲ್ಯಾಪ್‌ಟಾಪ್ ಮ್ಯಾಲ ಇಲ್ಲ” ಎಂದೆ. ಕೂರಿಸಿಕೊಂಡು ಸೋಪಿನ ಅಚ್ಚಿನ ಮಾತು ಹೇಳಿದೆ. ಮಹೇಶ್ ಬ್ಯಾಂಕಿನಲ್ಲಿ ಎರಡು ಮೇಲ್ ತೆರೆದದ್ದರಿಂದ ಏನೇನಾಯಿತೆಂದು ಹೇಳಿದೆ. ನಾಳೆ ಏನಾದರೂ ಕೆಟ್ಟದ್ದು ನಡೆದರೆ ಪೊಲೀಸರು ಮೊದಲು ತೆರೆಯುವುದು ಆ ಗುಂಪಿನ ಪಟ್ಟಿಯನ್ನೇ, ಅದರಲ್ಲಿ ಹೆಸರಿದ್ದವನು ತಾನು ಮಾಡಿಲ್ಲವೆಂದು ಹೇಗೆ ತೋರಿಸುತ್ತಾನೆ ಎಂದು ಕೇಳಿದೆ. ಅವನು ಏನೂ ಅನ್ನದೆ ಎದ್ದು ಹೋದ. ಮುನಿಸು ಪೂರ್ತಿ ಇಳಿದಿರಲಿಲ್ಲ.

ಅಧಿಕಾರ ಎಂದರೆ ಗೌರವ ಎಂದು ಕಲಿತವರು ನಾವು. ಹಕ್ಕು ಕಿತ್ತುಕೊಂಡರೆ ಮಾನ ಕಿತ್ತುಕೊಂಡಂತೆ ಅನ್ನಿಸುವುದು ಸಹಜ, ಆ ನೋವನ್ನು ಹಗುರವಾಗಿ ಕಾಣಬಾರದು. ಅದಕ್ಕೇ ಮೊದಲು ತೆಗೆಯಬೇಕಾದದ್ದು ಹಿರಿಯರ ಹೆಸರನ್ನು. ಇಲಾಖೆಯ ಮುಖ್ಯಸ್ಥರು, ನಿರ್ದೇಶಕರು, ಗೌರವಕ್ಕೆಂದು ಪಟ್ಟಿಯಲ್ಲಿ ಕೂತವರು. ನಾನು ಆ ತಪ್ಪು ಮಾಡಿದ್ದೆ: ಕೆಳಗಿನಿಂದ ಶುರು ಮಾಡಿ, ನನ್ನ ಹೆಸರನ್ನು ಹಾಗೇ ಉಳಿಸಿಕೊಂಡಿದ್ದೆ. ದಿನವೂ ಮೇಲ್ ನೋಡುವ ಲಾಗಿನ್‌ಗೇ ಡೊಮೈನ್ ಅಡ್ಮಿನ್ ಹಕ್ಕು.

ಮರುದಿನ ಬೆಳಿಗ್ಗೆ ಅವನು ಟಿಕೆಟ್ ಒಂದನ್ನು ತೆರೆದಿದ್ದ. ಕೋರಿಕೆಯ ಜಾಗದಲ್ಲಿ ನನ್ನ ಹೆಸರು. ಡೊಮೈನ್ ಅಡ್ಮಿನ್ಸ್ ಗುಂಪಿನಿಂದ ತೆಗೆಯಬೇಕು. ಕಾರಣ, ದಿನಬಳಕೆಯ ಲಾಗಿನ್. ಮಂಜೂರು ಮಾಡಬೇಕಾದವನು ನಾನೇ. ಹನ್ನೊಂದು ಗಂಟೆಯ ಚಹಾ ಬರುವ ಮೊದಲು ಮಂಜೂರು ಮಾಡಿದೆ. ಮಧ್ಯಾಹ್ನ ಅವನು ಡಬ್ಬಿ ಹಿಡಿದುಕೊಂಡು ನನ್ನ ಮೇಜಿಗೆ ಬಂದ. ಜೋಳದ ರೊಟ್ಟಿ, ಪುಂಡಿಪಲ್ಯೆ.